ಮೀಟರನ್ನು ಬೈಯುವ ದುಸಿಕ್

ಕೊರಿಯಾದ ಬುಸಾನ್ ನಗರದ ಒಂದು ಇ-ಸಿಗರೇಟಿನ ಅಂಗಡಿಗೆ ಬಾಂಗ್ ದುಸಿಕ್ ಬಂದನೆಂದರೆ ಒಡತಿ ಹೆರಿಮ್‌ಗೆ ತಲೆನೋವು. ಇ-ಸಿಗರೇಟಿನೊಳಗೆ ಕಾದು ಹೊಗೆ ಎಬ್ಬಿಸಲು ಬೇರೆಯವರು ತಂತಿ ಸುತ್ತಿ ಮಾಡಿದ ಕಾಯಿಲ್ ಕಂಡರೆ ಸಾಕು, "ಇದೇನು ಕಾಯಿಲೋ, ಕೋಳಿ ಕರುಳೋ?" ಎಂದು ಮೂಗು ಮುರಿಯುತ್ತಿದ್ದ. ತನ್ನ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆಯುವಾಗ ಮೀಟರಿನ ಅಂಕಿ ಒಂದು ಕಡೆ ನಿಲ್ಲದೆ ಕುಪ್ಪಳಿಸಿದರೆ ಮಾತ್ರ ತಪ್ಪು ಮೀಟರಿನದು, ತಂತಿಯದು, ಸಮುದ್ರದ ಗಾಳಿಯದು. "ಕಾಯಿಲ್ ಹಿಡಿದಿರೋ ಸ್ಕ್ರೂ ಸಡಿಲ ಇರ್ಬೇಕು ಚಿಕ್ಕಪ್ಪ" ಎಂದು ಹೆರಿಮ್ ಹೇಳಿದರೆ, "ನೀನು ಹುಟ್ಟೋ ಮೊದಲೇ ನಾನು ಸ್ಕ್ರೂ ತಿರುಗಿಸ್ತಿದ್ದೆ ಕಣಮ್ಮ" ಎಂದು ಗದರುತ್ತಿದ್ದ. ಮೊನ್ನೆ ಅವನು ಬೆನ್ನು ತಿರುಗಿಸಿ ಕೂತಿದ್ದಾಗ ಕಪಾಟಿನ ಗಾಜಿನಲ್ಲಿ ಅವಳಿಗೆ ಅವನ ಬಲಗೈ ಕಂಡಿತು. ಎಡಗೈಯಿಂದ ಅದುಮಿ ಹಿಡಿದರೂ ಅದು ನಡುಗುತ್ತಿತ್ತು. ಸ್ಕ್ರೂಡ್ರೈವರ್ ಮತ್ತೆ ಮತ್ತೆ ಜಾರುತ್ತಿತ್ತು. "ಈ ಮೀಟರೇ ಸರಿಯಿಲ್ಲ ಚಿಕ್ಕಪ್ಪ, ಕೊಡಿ, ಒಳಗಿರೋ ಮೀಟರಲ್ಲಿ ನೋಡ್ತೀನಿ" ಎಂದು ಅವನ ಇ-ಸಿಗರೇಟನ್ನು ಒಯ್ದು, ಪರದೆಯ ಹಿಂದೆ ಸ್ಕ್ರೂ ಬಿಗಿ ಮಾಡಿ, "ಆ ಮೀಟರಲ್ಲಿ ಸರಿಯಾಗೇ ತೋರಿಸ್ತು" ಎಂದು ತಂದುಕೊಟ್ಟಳು. "ನಾನು ಹೇಳ್ಲಿಲ್ವಾ?" ಎಂದ ದುಸಿಕ್, ಬಲಗೈಯನ್ನು ಜೇಬಿನಿಂದ ತೆಗೆಯದೆ.