ಮಗುವಿನ ಬೆನ್ನಿನ ಐದು ಬೆರಳು

ಹೋದ ಬೇಸಿಗೆಯ ಪಗ್ಗು ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಜೆಪ್ಪಿನ ಗೇರುಬೀಜದ ಕಾರ್ಖಾನೆಯ ಗೇಟಿನ ಎದುರಿನಿಂದ ನನ್ನ ಮೊಮ್ಮಗಳು ಕಮಲ ಕಾಣೆಯಾದಳು. ಅವಳಿಗೆ ಆಗ ಮೂರು ವರ್ಷ. ಭಗವತಿ ದೇವಿಯನ್ನು ನಂಬಿದ ನಿಮಗೆಲ್ಲ ಇದನ್ನು ಹೇಳದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾನು ಕಲಿತದ್ದು ಕಮ್ಮಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಅಳಿಯ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಮಗಳು ಗಿರಿಜ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸಕ್ಕೆ ಸೇರಿದಳು. ನನ್ನ ಅಣ್ಣನಿಗೆ ಅದು ಸರಿ ಕಾಣಲಿಲ್ಲ. "ನಮ್ಮ ಹೆಂಗಸರು ಮೀನು ಮಾರುವುದು ಉಂಟು. ಗೇಟಿನ ಒಳಗೆ ಹೋಗಿ ಮೇಸ್ತ್ರಿಯ ಬೈಗುಳ ಕೇಳುವುದು ಎಲ್ಲಿ ಉಂಟು?" ಎನ್ನುತ್ತಿದ್ದ.

ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಎಷ್ಟು ಬೂದಿ ಹಚ್ಚಿಕೊಂಡರೂ ಕೈ ಕಪ್ಪು. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಹಾಲೂಡಿಸುವ ತಾಯಂದಿರು ಮಗುವನ್ನು ಮುಟ್ಟುವುದಿಲ್ಲ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಾರೆ, ನಮ್ಮಂಥ ಅಜ್ಜಿಯರು ಮಗುವನ್ನು ಎದೆಗೆ ಹಿಡಿದುಕೊಡಬೇಕು. ಒಮ್ಮೆ ಕಮಲ ಅಲ್ಲಿ ಎಡವಿ ಬಿದ್ದಾಗ ಗಿರಿಜ ಮರೆತು ಎತ್ತಿಕೊಂಡಳು. ಮಗುವಿನ ಬೆನ್ನ ಮೇಲೆ ಐದು ಬೆರಳಿನ ಹಾಗೆ ಬೊಬ್ಬೆ ಎದ್ದಿತು. ಗಾಯ ಮಾಯಿತು, ಕಲೆ ಹೋಗಲಿಲ್ಲ. "ನೀನು ತಾಯಿಯಾ, ಕೆಂಡವಾ?" ಎಂದು ನಾನು ಬೈದಿದ್ದೆ. ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಆ ಮಂಗಳವಾರ ಗಿರಿಜ ಒಡೆದ ಬೀಜ ತೂಗಿಸಲು ಇನ್ನೂ ಸಾಲಿನಲ್ಲಿದ್ದಳು. ನಾನು ನೆರೆಮನೆಯ ದೇವಕಿಯ ಹಸುಗೂಸನ್ನು ಅವಳ ಎದೆಗೆ ಹಿಡಿದಿದ್ದೆ. ಗೇಟಿನ ಎದುರಿನ ಏರಿನಲ್ಲಿ ಇದ್ದಿಲಿನ ಬಸ್ಸು ನಿಂತಿತ್ತು. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಬಂದ ಬಸ್ಸು ಅದು. ಹೊಗೆ ಕಾರುತ್ತ ಹೊರಟುಹೋಯಿತು. ತಿರುಗಿ ನೋಡಿದರೆ ಕಮಲ ಇಲ್ಲ.

ಕಾರ್ಖಾನೆಯ ಹಿಂದೆ ಕಟ್ಟೆಯಿಲ್ಲದ ಬಾವಿ, ಕೆಳಗೆ ಹೊಳೆ. ಬಾವಿಯ ನೀರಿನಲ್ಲಿ ಕೆಂಪಗೆ ಏನೋ ತೇಲುತ್ತಿತ್ತು. ಕಮಲಳ ಅಂಗಿಯೂ ಕೆಂಪು. ಗಿರಿಜ ಓಡಿಬಂದು ಬಗ್ಗಿದಳು, ದೇವಕಿ ಅವಳ ಸೊಂಟವನ್ನು ಹಿಡಿದುಕೊಂಡಳು. ಒಬ್ಬ ಹಗ್ಗ ಹಿಡಿದು ಇಳಿದ. ಅವನು ಮೇಲೆ ಬರುವವರೆಗೆ ನಾನು ಕಣ್ಣು ತೆರೆಯಲಿಲ್ಲ. ಅದು ಹಳೆಯ ಬಟ್ಟೆಯ ತುಂಡು. ಸಮಾಧಾನವಾಗಲಿಲ್ಲ. ಬಾವಿಯಲ್ಲಿ ಇಲ್ಲವೆಂದರೆ ಹೊಳೆಯಲ್ಲಿ ಎಂದೇ ಮನಸ್ಸು ಹೇಳಿತು.

ಅಣ್ಣ ಬಂದು, "ಮಗಳ ಸಂಪಾದನೆಯ ಊಟ ಈಗ ರುಚಿಸ್ತದಾ?" ಎಂದು ಕೇಳಿ, ಹುಡುಕಲು ಹೊಳೆಯ ಕಡೆ ಓಡಿದ.

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತು ಹರಕೆ ಹೇಳಿಕೊಂಡೆ. ದೇವೀ, ಮಗುವನ್ನು ಕೊಡು, ಗಿರಿಜಳನ್ನು ಇನ್ನು ಕೆಲಸಕ್ಕೆ ಕಳಿಸುವುದಿಲ್ಲ. ಗಿರಿಜ ಕೇಳಿಸಿಕೊಂಡಳು. "ಮಗು ಬರಲಿ ಅಮ್ಮ, ಎಂತ ಬೇಕಾದರೂ ಬಿಡ್ತೇನೆ," ಎಂದಳು. "ಆದರೆ ನಾಳೆ ಅವಳಿಗೆ ಗಂಜಿಗೆ ಎಂತ ಮಾಡುವುದು?"

ಹೊತ್ತು ಇಳಿಯಿತು. ಹೊಳೆಯ ಬದಿಯಿಂದ ಅಣ್ಣ ಬರಿಗೈಯಲ್ಲಿ ಬಂದ, ನಮ್ಮ ಮುಖ ನೋಡಲಿಲ್ಲ. ಅಷ್ಟರಲ್ಲಿ ಏರಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ತಲೆಯ ಮೇಲೆ ಮೀನಿನ ಬುಟ್ಟಿ, ಸೊಂಟದಲ್ಲಿ ಕೆಂಪು ಅಂಗಿ.

"ಇವಳು ಯಾರ ಮಗಳು ಮಾರಾಯ್ರೆ? ದಾರಿಯುದ್ದಕ್ಕೂ ನನ್ನ ಕಿವಿಯ ಓಲೆ ಎಳೆದು ಎಳೆದು ಪ್ರಾಣ ತೆಗೆದಳು," ಎಂದಳು. ಗಿರಿಜ ಕೈ ಚಾಚಿದವಳು ತನ್ನ ಕಪ್ಪು ಕೈ ಕಂಡು ಹಿಂದೆ ಎಳೆದುಕೊಂಡಳು. ಮಗುವನ್ನು ನಾನು ತೆಗೆದುಕೊಂಡೆ. ಗಿರಿಜ ಕಮಲಳ ಕೆನ್ನೆಗೆ ಕೆನ್ನೆ ಒತ್ತಿ ಅತ್ತಳು.

ಆ ಹೆಂಗಸು ಬಂದರಿನಲ್ಲಿ ಮೀನು ಮಾರುವ ಸೇಸಕ್ಕ. ಏರಿನಲ್ಲಿ ಬಸ್ಸು ನಿಂತಾಗ ಕಮಲ ಬುಟ್ಟಿಗಳ ನಡುವೆ ಹತ್ತಿದ್ದಳಂತೆ. ಯಾರದೋ ಜೊತೆಯ ಮಗು ಎಂದು ಎಲ್ಲರೂ ಎಣಿಸಿದರು. ಬಂದರಿನಲ್ಲಿ ಎಲ್ಲರೂ ಇಳಿದ ಮೇಲೆ ಒಂಟಿಯಾಗಿ ಅಳುತ್ತಿದ್ದಳು. ಹೆಸರು ಬಿಟ್ಟರೆ ಬೇರೆ ಹೇಳಲು ಬರಲಿಲ್ಲ.

"ಬೆವರು ಒರೆಸಲಿಕ್ಕೆ ಅಂಗಿ ಎತ್ತಿದೆ, ಬೆನ್ನಲ್ಲಿ ಕೈ ಕಂಡಿತು," ಎಂದಳು ಸೇಸಕ್ಕ. "ನನ್ನ ನಾದಿನಿಯೂ ಬೀಜ ಒಡೆಯುವವಳು. ಅವಳ ಮಗನ ತೋಳಿನಲ್ಲಿಯೂ ಇಂಥದ್ದೇ ಉಂಟು. ಗೇರುಬೀಜದ ತಾಯಿಯ ಮಗು ಅಂತ ಆಗಲೇ ಗೊತ್ತಾಯ್ತು. ಒಂದೊಂದೇ ಕಾರ್ಖಾನೆಯ ಗೇಟಿನಲ್ಲಿ ಕೇಳಿಕೊಂಡು ಬಂದೆ."

ಯಾವ ಕಲೆಗಾಗಿ ಮಗಳನ್ನು ಕೆಂಡ ಎಂದಿದ್ದೆನೋ ಆ ಕಲೆಯೇ ಮಗುವನ್ನು ಮನೆಗೆ ತಂದಿತ್ತು.

ಆದರೂ ಹರಕೆ ಹರಕೆಯೇ. ತಪ್ಪಿದರೆ ದೇವಿ ಮಗುವನ್ನು ತಿರುಗಿ ಕೇಳಿಯಾಳು ಎಂಬ ಹೆದರಿಕೆ. ಮರುದಿನ ಗಿರಿಜ ಮನೆಯಲ್ಲೇ ಕೂತಳು, ನಾನು ಗುಡಿಗೆ ಹೋಗಿ ಭಟ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು.

"ಮಗಳ ಕೈಯಿಂದ ಮಗು ಸಿಕ್ಕಿತು ಅಲ್ವಾ ಕಲ್ಯಾಣಿ? ಆ ಕೈಯನ್ನು ಕಟ್ಟಿಹಾಕು ಅಂತ ದೇವಿ ಹೇಳಿದಳಾ?"

"ನಾನು ಹೇಳಿದ್ದು ಭಟ್ರೇ."

"ಮಗಳ ದುಡಿಮೆ ನಿನ್ನದಲ್ಲ, ನೀನು ಕೊಡುವುದು ಹೇಗೆ? ನಿನ್ನದು ಎಂತ ಉಂಟೋ ಅದನ್ನು ಕೊಡು." ಭಟ್ಟರು ಗರ್ಭಗುಡಿಯ ನಡೆಯಲ್ಲಿ ನಿಂತು ಪ್ರಾರ್ಥಿಸಿ ಪ್ರಸಾದದ ಹೂ ಕೊಟ್ಟರು.

ನನ್ನದು ಎಂತ ಉಂಟು? ಎರಡು ಕೈ, ಮತ್ತೆ ಹಗಲು. ಅದನ್ನೇ ಕೊಟ್ಟೆ. ಈಗ ಗೇಟಿನ ಎದುರು ಚಪ್ಪರದ ಕೆಳಗೆ ದುಡಿಯುವ ತಾಯಂದಿರ ಮಕ್ಕಳನ್ನೆಲ್ಲ ನೋಡಿಕೊಳ್ಳುತ್ತೇನೆ, ಜೊತೆಗೆ ಇನ್ನೊಬ್ಬ ಅಜ್ಜಿಯೂ ಇದ್ದಾಳೆ. ಮೊದಲು ಮಕ್ಕಳಿಗಾಗಿ ಕೆಲಸ ಬಿಟ್ಟ ಹೆಂಗಸರೂ ತಿರುಗಿ ಬಂದಿದ್ದಾರೆ. ಚಪ್ಪರಕ್ಕೆ ತೆಂಗಿನ ಮಡಲು ಹೊತ್ತು ತಂದವನು ನನ್ನ ಅಣ್ಣ. ಯಾಕೆ ಎಂದು ಕೇಳಿದ್ದಕ್ಕೆ, "ಮಕ್ಕಳಿಗೆ ಬಿಸಿಲು ತಾಗ್ತದೆ, ಅಷ್ಟೇ. ನನಗೆಂತ?" ಎಂದು ಮುಖ ತಿರುಗಿಸಿದ.

ಗಿರಿಜ ಕೆಲಸಕ್ಕೆ ಹೋಗುತ್ತಾಳೆ. ಬಸ್ಸಿನ ಸದ್ದಾದರೆ ಈಗಲೂ ನನ್ನ ಎದೆ ಹಾರುತ್ತದೆ, ತಲೆಗಳನ್ನು ಎಣಿಸುತ್ತೇನೆ. ಆದರೆ ಸಂಜೆ ಕಮಲಳನ್ನು ಮೀಯಿಸುವಾಗ ಅವಳ ಬೆನ್ನಿನ ಆ ಐದು ಬೆರಳಿನ ಮೇಲೆ ನನ್ನ ಐದು ಬೆರಳು ಇಡುತ್ತೇನೆ, ಆಮೇಲೆ ದೇವಿಗೆ ಕೈಮುಗಿಯುತ್ತೇನೆ.