ಸಂಗನಬಸಪ್ಪನವರು ನೀರಿಗಿಳಿದದ್ದು

ಅಮೆರಿಕದ ನೋವೈ ಊರಿನ ನಮ್ಮ ಸಬ್‌ಡಿವಿಷನ್ನಿನಲ್ಲಿ ಹಿಮ ಬಿದ್ದ ಬೆಳಿಗ್ಗೆ ಯಾರ ಕಾರಾದರೂ ಜಾರಿ ರಸ್ತೆಗೆ ಅಡ್ಡ ನಿಂತರೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದವರು ಸಂಗನಬಸಪ್ಪ ಕಮತಗಿಯವರು. ಆದರೆ ಹಿಮ ಜೋರಾಗಿರುವ ತಿಂಗಳಲ್ಲಿ ಅವರು ಊರಲ್ಲಿ ಇರುತ್ತಲೇ ಇರಲಿಲ್ಲ. ಮಿಷಿಗನ್ನಿನ ಹಿಮ ಸಾಲದೆಂದು ಇನ್ನೂ ದೊಡ್ಡ ಹಿಮ ಹುಡುಕಿಕೊಂಡು ಸ್ವೀಡನ್ನಿಗೆ ಹೋಗಿರುತ್ತಿದ್ದರು.

ಅವರು ಬ್ರೇಕ್ ಇಂಜಿನಿಯರ್. ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ. ಕೆಲಸ ಸೌತ್‌ಫೀಲ್ಡಿನ ಒಂದು ವಾಹನ ಬಿಡಿಭಾಗಗಳ ಕಂಪನಿಯಲ್ಲಿ. ಕಾರು ಮಂಜುಗಡ್ಡೆಯ ಮೇಲೆ ಹೋಗುವಾಗ ಸೊಟ್ಟಗೆ ತಿರುಗದೆ ನೆಟ್ಟಗೆ ನಿಲ್ಲಬೇಕಲ್ಲ, ಅದನ್ನು ಬ್ರೇಕಿಗೆ ಕಲಿಸುವುದು ಅವರ ಉದ್ಯೋಗ. ಸ್ವೀಡನ್ನಿನ ಉತ್ತರದಲ್ಲಿ ಆರ್ಯೆಪ್ಲೋಗ್ ಎಂಬ ಸಣ್ಣ ಊರಿದೆ. ಚಳಿಗಾಲದಲ್ಲಿ ಅಲ್ಲಿಯ ಸರೋವರಗಳು ಬಂಡೆಯ ಹಾಗೆ ಹೆಪ್ಪುಗಟ್ಟುತ್ತವೆ. ಜಗತ್ತಿನ ಕಾರು ಕಂಪನಿಗಳೆಲ್ಲ ಹೊಸ ಗಾಡಿಗಳನ್ನು ತಂದು ಆ ಮಂಜಿನ ಮೇಲೆ ಓಡಿಸಿ ಪರೀಕ್ಷಿಸುತ್ತವೆ. ಸಂಗನಬಸಪ್ಪನವರು ತಲೆ ಕಪ್ಪಗಿದ್ದಾಗ ಹೋಗಲು ಶುರುಮಾಡಿದವರು ತಲೆ ಪೂರ್ತಿ ಬೆಳ್ಳಗಾಗುವವರೆಗೂ ಪ್ರತಿ ಚಳಿಗಾಲ ಹೋದರು.

ಅವರ ಹೆಂಡತಿ ಪ್ರಭಾವತಿ ಮಕ್ಕಳ ಡಾಕ್ಟರು. ನಾನು ಪಕ್ಕದ ಮನೆಯವಳು, ಮೈಸೂರಿನವಳು, ಅವರನ್ನು ಪ್ರಭಕ್ಕ ಎನ್ನುತ್ತೇನೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕುಗಳಲ್ಲಿ ಹೆಂಗಸರು, "ಏನ್ರೀ ಡಾಕ್ಟ್ರೇ, ಯಜಮಾನ್ರು ಈ ವರ್ಷಾನೂ ಯೂರೋಪ್ ಟೂರಾ?" ಎಂದು ಛೇಡಿಸುವುದು ವಾಡಿಕೆ. ಪ್ರಭಕ್ಕ ನಗುತ್ತಿದ್ದರು. ಆದರೆ ಮನೆಗೆ ಬಂದ ಗಂಡನನ್ನು "ಹೆಂಗೈತ್ರಿ ಆ ಊರು?" ಎಂದು ಕೇಳಿದರೆ ಸಿಗುತ್ತಿದ್ದುದು ಒಂದೇ ಉತ್ತರ: "ಅಲ್ಲೇನೈತಿ? ಬೆಳ್ಳಗಿನ ನೆಲ, ಕರ್ರಗಿನ ಆಕಾಶ."

ಹೋದ ವರ್ಷ ಫೆಬ್ರವರಿಯಲ್ಲಿ ಅವರು ವಾಪಸು ಬಂದು, ಪೆಟ್ಟಿಗೆ ಇಳಿಸಿ, "ಇನ್ನ ನಾ ಹೋಗೂದಿಲ್ಲ. ಮುಂದಿನ ಸಲದಿಂದ ವೀರೇಶ ಹೋಗ್ತಾನ" ಎಂದರು. ವೀರೇಶ್ ಅವರ ಕೈಕೆಳಗೆ ತಯಾರಾದ ಇಂಜಿನಿಯರ್. ಹೇಳಿದ ಮೇಲೆ ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ಹೊರಗೆ ನೋಡುತ್ತಿದ್ದರಂತೆ. ಪ್ರಭಕ್ಕ ಚಹಾ ಕೊಟ್ಟು ಹೇಳಿದರು: "ಹಂಗಾದ್ರ ಬ್ಯಾಸಿಗ್ಯಾಗ ನಾವಿಬ್ರೂ ಹೋಗೂಣ್ರಿ. ಇಷ್ಟ್ ವರ್ಷ ನನ್ನ ಗಂಡನ್ನ ಹಿಡಕೊಂಡ ಊರು ಹೆಂಗೈತಿ, ನಾನೂ ನೋಡ್ತೀನಿ."

"ಹುಚ್ಚಿ ಅದಿಯೇನು? ಅಲ್ಲಿ ನೋಡೂದೇನೈತಿ?"

"ನೀವು ಬ್ಯಾಸಿಗ್ಯಾಗ ನೋಡೀರೇನು?"

ನೋಡಿರಲಿಲ್ಲ. ಶಿಕಾಗೋದಲ್ಲಿ ಕೆಲಸ ಮಾಡುವ ಮಗಳು ಅಕ್ಷರಾ ಫೋನಿನಲ್ಲಿ ಹೌಹಾರಿದಳು. "ಅಮ್ಮಾ, ಪ್ಯಾರಿಸ್ ಇದೆ, ರೋಮ್ ಇದೆ. ವೈ ವುಡ್ ಯೂ ವೆಕೇಷನ್ ಅಟ್ ಅಪ್ಪಾಸ್ ಆಫೀಸ್?" ಅಮ್ಮ ಜಗ್ಗಲಿಲ್ಲ. ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ರೊಟ್ಟಿ ಮಾಡಿ ಮಾರುವ ತಾಯಮ್ಮನವರಿಂದ ಕಡಕ್ ಜೋಳದ ರೊಟ್ಟಿ ತರಿಸಿಕೊಂಡರು, ಶೇಂಗಾ ಚಟ್ನಿಪುಡಿ ಕುಟ್ಟಿಸಿಕೊಂಡರು. ಜುಲೈ ಕೊನೆಯ ವಾರ ಗಂಡ ಹೆಂಡತಿ ಡೆಟ್ರಾಯಿಟಿನಿಂದ ವಿಮಾನ ಹತ್ತಿದರು.

ಮೊದಲು ಸ್ಟಾಕ್‌ಹೋಮ್. ಅಷ್ಟೂ ವರ್ಷ ಆ ನಗರದ ವಿಮಾನ ನಿಲ್ದಾಣದಲ್ಲಿ ಕಾಫಿ ಕುಡಿದು ಮುಂದಿನ ವಿಮಾನ ಹತ್ತಿದ್ದವರು ಸಂಗನಬಸಪ್ಪನವರು. ಊರೊಳಗೆ ಕಾಲಿಟ್ಟದ್ದು ಈಗಲೇ. ನಗರ ನಿಂತಿರುವುದೇ ದ್ವೀಪಗಳ ಮೇಲೆ. ಜನ ಆಫೀಸಿಗೆ ಹೋಗುವುದಕ್ಕೂ ದೋಣಿ ಹತ್ತುತ್ತಾರೆ. ಪ್ರಭಕ್ಕನಿಗೆ ಆ ದೋಣಿಗಳ ಹುಚ್ಚು ಹಿಡಿಯಿತು. ಒಂದು ದಡದಲ್ಲಿ ಇಳಿಯುವುದು, ಕಲ್ಲುಹಾಸಿನ ಓಣಿಗಳಲ್ಲಿ ಸುತ್ತುವುದು, ಏಲಕ್ಕಿ ಹಾಕಿದ ಬನ್ನು ತಿನ್ನುವುದು, ಮತ್ತೆ ದೋಣಿ. "ನೋಡ್ರಿ, ಯಾಲಕ್ಕಿ! ನಮಗಿಂತ ಹೆಚ್ಚು ಹಾಕ್ಯಾರ" ಎಂದು ಬನ್ನನ್ನು ಗಂಡನ ಮೂಗಿಗೆ ಹಿಡಿಯುತ್ತಿದ್ದರು.

ಗಂಡ ಮಾತ್ರ ದೋಣಿಯ ನಟ್ಟನಡುವೆ ಕಂಬ ಹಿಡಿದು ಕೂತಿರುತ್ತಿದ್ದರು. ನೀರೆಂದರೆ ಅವರಿಗೆ ಮೊದಲಿನಿಂದ ಅಂಜಿಕೆ. ಅವರು ಬೆಳೆದ ಓಣಿಯಲ್ಲಿ ನೀರು ಕೊಡದಲ್ಲಿ ಬರುತ್ತಿತ್ತು, ಕೊಡದಲ್ಲೇ ಮುಗಿಯುತ್ತಿತ್ತು.

ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ. ಲೂಲಿಯೊ ಎಂಬ ಊರಿನಲ್ಲಿ ಇಳಿದು, ಬಾಡಿಗೆ ಕಾರು ತೆಗೆದುಕೊಂಡು ಒಳನಾಡಿಗೆ ಹೊರಟರು. ಗಂಟೆಗಟ್ಟಲೆ ಪೈನ್ ಕಾಡು. ಮನೆ ಅಪರೂಪ, ಮನುಷ್ಯರು ಇನ್ನೂ ಅಪರೂಪ. ಸಂಗನಬಸಪ್ಪನವರು ಎರಡೂ ಬದಿ ನೋಡುತ್ತ, "ಈ ರಸ್ತಾಕ್ಕ ಇಷ್ಟ್ ಹಸರು ಇತ್ತಂತ ಯಾರಿಗ್ಗೊತ್ತು!" ಎನ್ನುತ್ತಲೇ ಇದ್ದರು. ಅವರಿಗೆ ಗೊತ್ತಿದ್ದುದು ಎರಡು ಬದಿಯ ಬಿಳಿ ಗೋಡೆ ಮತ್ತು ಹೆಡ್‌ಲೈಟಿನ ಬೆಳಕು.

ಮಣ್ಣುರಸ್ತೆಯ ಒಂದು ತಿರುವಿನಲ್ಲಿ ಹಿಮಸಾರಂಗಗಳ ಹಿಂಡು ಏಕಾಏಕಿ ರಸ್ತೆಗೆ ಇಳಿಯಿತು. ದೊಡ್ಡ ಕೊಂಬಿನದೊಂದು ಕಾರಿನ ಎದುರಿಗೇ ನಿಂತುಬಿಟ್ಟಿತು. ಸಂಗನಬಸಪ್ಪನವರು ಬ್ರೇಕ್ ಒತ್ತಿದರು. ಜಲ್ಲಿಕಲ್ಲು ಸಿಡಿಯಿತು, ಬ್ರೇಕು ಹಿಡಿದು ಬಿಟ್ಟು ಹಿಡಿದು ಕಾಲಡಿಯಲ್ಲಿ ಗರಗರ ಸದ್ದಾಯಿತು, ಕಾರು ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿತು. ಸಾರಂಗ ಇವರನ್ನು ಒಮ್ಮೆ ನೋಡಿ, ಅವಸರವೇ ಇಲ್ಲದೆ ಆಚೆ ದಾಟಿತು. ಅದರ ಹಿಂದೆ ಅದರ ಮರಿ.

ಪ್ರಭಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. "ಅದೇನ್ರೀ ಗರಗರ ಅಂದದ್ದು?"

"ಅದ ನನ್ನ ಕೆಲಸ" ಎಂದರು ಗಂಡ. ಮದುವೆಯಾಗಿ ಮೂವತ್ತು ವರ್ಷ ದಾಟಿತ್ತು. ಗಂಡನ ಕೆಲಸವನ್ನು ಅವರು ಮೊದಲ ಸಲ ಕಿವಿಯಾರೆ ಕೇಳಿದರು. "ಮರಿ ಉಳೀತಲ್ರೀ" ಎಂದು ಅವರ ತೋಳು ಹಿಡಿದು ಅಲುಗಿಸಿದರಂತೆ. ಇದನ್ನು ನನಗೆ ಹೇಳುವಾಗಲೂ ಪ್ರಭಕ್ಕನ ಕಣ್ಣು ಒದ್ದೆಯಾಗಿತ್ತು.

ಆರ್ಯೆಪ್ಲೋಗಿನಲ್ಲಿ ಅವರು ಉಳಿದದ್ದು ಗುನ್ನೆಲ್ ಎಂಬ ಮುದುಕಿಯ ಮನೆಯಲ್ಲಿ. ಚಳಿಗಾಲದಲ್ಲಿ ಆ ಊರಿನವರು ತಮ್ಮ ಮನೆಗಳನ್ನು ಇಂಜಿನಿಯರುಗಳಿಗೆ ಬಾಡಿಗೆಗೆ ಬಿಟ್ಟು ತಾವು ನೆಲಮಾಳಿಗೆಗೆ ಇಳಿಯುತ್ತಾರೆ. ಸಂಗನಬಸಪ್ಪನವರು ಎಷ್ಟೋ ಚಳಿಗಾಲ ಗುನ್ನೆಲ್ಲಳ ಮೇಲ್ಮನೆಯಲ್ಲಿ ಮಲಗಿದವರು. ಆದರೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರಿಗೆ ಅವಳು ಕಂಡದ್ದು ಟೊಪ್ಪಿಗೆ, ಮಫ್ಲರು, ಸಲಿಕೆ ಇಷ್ಟೇ. ಈಗ ಬಾಗಿಲು ತೆರೆದವಳು ಹೂವಿನ ಫ್ರಾಕು ತೊಟ್ಟ, ಎಪ್ಪತ್ತು ದಾಟಿದ, ಬಾಯಿತುಂಬ ನಗುವ ಹೆಂಗಸು.

"ಸಂಗಾ! ನಿನಗೆ ಮುಖ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೂಗಿದಳು.

"ನಿನಗೂ ಐತಲ್ಲ" ಎಂದು ಇವರು ಅಷ್ಟೇ ಆಶ್ಚರ್ಯದಿಂದ ಕನ್ನಡದಲ್ಲೇ ಅಂದುಬಿಟ್ಟರು.

ಊಟಕ್ಕೆ ಗುನ್ನೆಲ್ ಬೇಯಿಸಿದ ಎಳೆ ಆಲೂಗಡ್ಡೆ, ಮೊಸರಿನಂಥ ಹುಳಿ ಹಾಲು, ಅಗಲವಾದ ಗರಿಗರಿ ರೊಟ್ಟಿ ಇಟ್ಟಳು. ರೊಟ್ಟಿಯ ನಡುವೆ ತೂತು. ಹಿಂದೆ ಅದನ್ನು ಕೋಲಿಗೆ ಪೋಣಿಸಿ ಮಾಡಿಗೆ ತೂಗುಹಾಕುತ್ತಿದ್ದರಂತೆ, ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಪ್ರಭಕ್ಕ ಒಂದು ಚೂರು ಮುರಿದು ಬಾಯಿಗಿಟ್ಟು, ಎದ್ದು ಹೋಗಿ ಪೆಟ್ಟಿಗೆಯಿಂದ ತಾಯಮ್ಮನವರ ಕಡಕ್ ರೊಟ್ಟಿಯ ಗಂಟು ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಗುನ್ನೆಲ್ ಜೋಳದ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಟಪ್ ಎಂಬ ಸದ್ದು ಕೇಳಿ ತೃಪ್ತಿಯಿಂದ ತಲೆಯಾಡಿಸಿದಳು. ಶೇಂಗಾ ಚಟ್ನಿಗೆ ಹುಳಿ ಹಾಲು ಕಲಸಿ ಪ್ರಭಕ್ಕ ಅವಳ ತಟ್ಟೆಗೆ ಹಾಕಿದರು. ಮೊದಲ ತುತ್ತಿಗೆ ಗುನ್ನೆಲ್ಲಳ ಮುಖ ಕೆಂಪಗಾಯಿತು, ಮೂಗು ಸೋರಿತು. ಆದರೂ ತಟ್ಟೆ ಬಿಡಲಿಲ್ಲ. ಆ ಮನೆಯಲ್ಲಿ ಇದ್ದಷ್ಟು ದಿನ ಅವಳು ಅವರ ರೊಟ್ಟಿ ತಿಂದಳು, ಅವರು ಅವಳ ರೊಟ್ಟಿ ತಿಂದರು.

ಮರುದಿನ ಸಂಗನಬಸಪ್ಪನವರು ಹೆಂಡತಿಗೆ ತಮ್ಮ ಕೆಲಸದ ಜಾಗ ತೋರಿಸಲು ಹೊರಟರು. ದಿಬ್ಬ ಇಳಿದರೆ ಎದುರಿಗೆ ಸರೋವರ. ಕಣ್ಣು ಹೋದಷ್ಟು ದೂರ ನೀಲಿ ನೀರು, ಆಚೆಗೆ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಇನ್ನೂ ಕರಗದ ಒಂದಿಷ್ಟು ಹಿಮ. ಅವರು ದಡದಲ್ಲಿ ನಿಂತು ಕೈಚಾಚಿದರು.

"ಅಲ್ಲಿ ಟೆಂಟ್ ಹಾಕ್ತಿದ್ವಿ. ಅಲ್ಲಿಂದ ನೆಟ್ಟಗ ಓಡಿಸ್ಕೊಂತ ಹೋಗಿ, ಆ ನಡುಗಡ್ಡಿ ಹತ್ರ ಬಲಕ್ಕ ಹೊಳ್ಳತಿದ್ವಿ."

ಅವರು ತೋರಿಸಿದ ಟೆಂಟಿನ ಜಾಗದಲ್ಲಿ ಎರಡು ಬಾತುಕೋಳಿ ಈಜುತ್ತಿದ್ದವು. ಪ್ರಭಕ್ಕನಿಗೆ ನಗು ತಡೆಯಲಾಗಲಿಲ್ಲ. ಇವರಿಗೂ ನಗು ಬಂತು. ಎರಡು ಟನ್ನಿನ ಟ್ರಕ್ಕು ಓಡಿಸಿದ ದಾರಿಯಲ್ಲಿ ಈಗ ಅವರಿಗೆ ಒಂದು ಹೆಜ್ಜೆ ಇಡುವಂತಿರಲಿಲ್ಲ.

ಅಷ್ಟರಲ್ಲಿ ಗುನ್ನೆಲ್ ಈಜುವ ಉಡುಪಿನಲ್ಲಿ ಬಂದು, ಮರದ ಕಟ್ಟೆಯಿಂದ ಧುಮ್ಮೆಂದು ನೀರಿಗೆ ಹಾರಿ, ತಲೆ ಮೇಲೆತ್ತಿ ಪ್ರಭಕ್ಕನನ್ನು ಕರೆದಳು. ಪ್ರಭಕ್ಕ ಕ್ಷಣ ಯೋಚಿಸಿದರು. ದುಪಟ್ಟಾ ತೆಗೆದು ಬರ್ಚ್ ಮರದ ಕೊಂಬೆಗೆ ಹಾಕಿದರು. ಕನ್ನಡಕವನ್ನು ಗಂಡನ ಕೈಗಿಟ್ಟರು. ಚೂಡಿದಾರದಲ್ಲೇ ಏಣಿ ಇಳಿದರು. ನೀರು ಕೊರೆಯುತ್ತಿತ್ತು, ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಇತ್ತೋ ಇಲ್ಲವೋ. "ಯವ್ವಾ!" ಎಂಬ ಒಂದು ಕೂಗು ಆಚೆ ದಡಕ್ಕೂ ಕೇಳಿರಬೇಕು. ಮರುಕ್ಷಣ ಅವರು ಕೈ ಬೀಸಿ ಈಜುತ್ತಿದ್ದರು.

ಸಂಗನಬಸಪ್ಪನವರು ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿದರು. "ಪ್ರಭಾ! ಸಾಕು, ಹೊಳ್ಳಿ ಬಾ! ಆಳ ಐತಿ!"

"ಆಳ ಇದ್ರ ಏನ್ರೀ? ಈಜೂದು ಮ್ಯಾಲ ಅಲ್ಲೇನು!"

ಪ್ರಭಕ್ಕ ಮುಧೋಳದ ಹತ್ತಿರದ ತೋಟದ ಮನೆಯಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಅವರ ಕಾಕಾ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ನೂಕಿ ಈಜು ಕಲಿಸಿದ್ದರು. ಮೆಡಿಕಲ್ ಓದು, ಮದುವೆ, ಅಮೆರಿಕ, ಕ್ಲಿನಿಕ್ಕು, ಮಗಳು, ಹೀಗೆ ದಿನ ಸರಿದು, ಮದುವೆಯಾದ ಮೇಲೆ ಅವರು ನೀರಿಗೆ ಇಳಿದಿರಲೇ ಇಲ್ಲ. ಹೆಂಡತಿಗೆ ಈಜು ಬರುತ್ತದೆಂದು ಸಂಗನಬಸಪ್ಪನವರು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಈಗ ಕನ್ನಡಕ ಹಿಡಿದುಕೊಂಡು ನೋಡುತ್ತ ನಿಂತರು. ಕೂಗುವುದನ್ನು ಯಾವಾಗ ನಿಲ್ಲಿಸಿದರೋ ಅವರಿಗೇ ತಿಳಿಯಲಿಲ್ಲ.

ಒಂದು ದಿನ ಗುನ್ನೆಲ್ ಅವರನ್ನು ಕಾಡಿನ ಜವುಗು ನೆಲಕ್ಕೆ ಹಣ್ಣು ಕೀಳಲು ಕರೆದೊಯ್ದಳು. ಅಲ್ಲಿ ಬಂಗಾರದ ಬಣ್ಣದ ಒಂದು ಕಾಡುಹಣ್ಣು ನೆಲಕ್ಕೆ ಅಂಟಿಕೊಂಡಂತೆ ಬಿಡುತ್ತದೆ. ಎಲ್ಲಿ ಬಿಡುತ್ತದೆಂದು ಅಲ್ಲಿಯವರು ಒಡಹುಟ್ಟಿದವರಿಗೂ ಹೇಳುವುದಿಲ್ಲ. ಸೊಳ್ಳೆಗಳು ಮೋಡದ ಹಾಗೆ ಮುತ್ತಿದವು. ಮೂವರೂ ತಲೆಗೆ ಬಲೆ ಹಾಕಿಕೊಂಡು ಬಗ್ಗಿ ಬಗ್ಗಿ ಹಣ್ಣು ಕಿತ್ತರು. ಸಂಗನಬಸಪ್ಪನವರು ಅಭ್ಯಾಸಬಲದಿಂದ ಜಾಗ ಗುರುತು ಹಾಕಿಕೊಳ್ಳಲು ಫೋನ್ ತೆಗೆದರು. ಗುನ್ನೆಲ್ ಅದನ್ನು ಕಸಿದು ತನ್ನ ಜೇಬಿಗೆ ಹಾಕಿಕೊಂಡಳು. ಸಂಜೆಯವರೆಗೂ ಕೊಡಲಿಲ್ಲ. ಫೋನಿಲ್ಲದ ಗಂಡ ಕಾಡಿನ ನಡುವೆ ಕಲ್ಲಿನ ಮೇಲೆ ಕೂತು ಹಳೆಯ ಭಾವಗೀತೆಯೊಂದನ್ನು ಗುನುಗಿದ್ದನ್ನು ಪ್ರಭಕ್ಕ ಕೇಳಿಸಿಕೊಂಡರು. ಗಂಡನಿಗೆ ಹಾಡು ಬರುತ್ತದೆಂಬುದೇ ಅವರಿಗೆ ಮರೆತುಹೋಗಿತ್ತು.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಸಂಗನಬಸಪ್ಪನವರು ತಾವಾಗಿಯೇ ಹೇಳಿದರು: "ನಡಿ, ನಾನೂ ಇಳೀತೀನಿ."

ಪ್ರಭಕ್ಕ ಆಶ್ಚರ್ಯ ತೋರಿಸಲಿಲ್ಲ. ಮಕ್ಕಳ ಡಾಕ್ಟರಲ್ಲವೇ, ಹೆದರಿದವರ ಎದುರು ಹೇಗಿರಬೇಕೆಂದು ಗೊತ್ತಿತ್ತು. ಆಳವಿಲ್ಲದ ಕಡೆ ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಬೆನ್ನಿನ ಕೆಳಗೆ ಎರಡೂ ಕೈ ಕೊಟ್ಟು, "ತಲಿ ಹಿಂದಕ್ಕ ಬಿಡ್ರಿ. ಕುತಗಿ ಬಿಗಿಬ್ಯಾಡ್ರಿ" ಎಂದರು. ಮೊದಲ ಸಲ ಅವರು ಒದ್ದಾಡಿ ನೀರು ಕುಡಿದರು. ಎರಡನೆಯ ಸಲ ಹೆಂಡತಿಯ ಜಡೆ ಹಿಡಿದುಕೊಂಡರು. ಕಟ್ಟೆಯ ಮೇಲೆ ಕೂತ ಗುನ್ನೆಲ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಯಾವುದೋ ಗಳಿಗೆಯಲ್ಲಿ ಮೈ ಹಗುರಾಯಿತು. ಕಾಲು ತಾನಾಗಿ ಮೇಲೆ ಬಂತು. ಕಿವಿಯೊಳಗೆ ನೀರು ತುಂಬಿ ಲೋಕದ ಸದ್ದೆಲ್ಲ ಅಡಗಿತು.

"ಪ್ರಭಾ!" ಎಂದು ಅವರು ಕೂಗಿದರು. ಕಿವಿ ಕೇಳದವರು ಮಾತಾಡುವಂತೆ ಅಷ್ಟು ಜೋರಾಗಿ. "ಆಕಾಶ ಭಾಳ ದೊಡ್ಡದೈತಿ!"

"ಹೌದ್ರಿ, ಒದರಬ್ಯಾಡ್ರಿ!" ಎಂದು ಪ್ರಭಕ್ಕ ಅದಕ್ಕಿಂತ ಜೋರಾಗಿ ಒದರಿದರು.

ರಾತ್ರಿ ಊಟದ ಹೊತ್ತು ಮೀರಿದರೂ ಅಲ್ಲಿ ಬೆಳಕು ಹೋಗುವುದಿಲ್ಲವಲ್ಲ, ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಅವರನ್ನು ನೀರಿನಿಂದ ಎಬ್ಬಿಸಲು ಕೊನೆಗೆ ಗುನ್ನೆಲ್ ಕಾಫಿಯ ಆಸೆ ತೋರಿಸಬೇಕಾಯಿತು.

ವಾಪಸು ಬಂದ ವಾರವೇ ಸಂಗನಬಸಪ್ಪನವರು ಈಜಿನ ಕ್ಲಾಸಿಗೆ ಸೇರಿದರು. ದೊಡ್ಡವರ ಬ್ಯಾಚು ಕೆಲಸದ ಹೊತ್ತಿಗೆ ಬಂದಿದ್ದರಿಂದ ಶನಿವಾರ ಮೊಮ್ಮಕ್ಕಳ ವಯಸ್ಸಿನ ಮಕ್ಕಳ ಜೊತೆಯೇ ಸಾಲಿನಲ್ಲಿ ನಿಂತರು. ಅವರಲ್ಲಿ ಅರ್ಧಕ್ಕರ್ಧ ಪ್ರಭಕ್ಕನ ಪೇಷಂಟುಗಳು. "ಡಾಕ್ಟರ್ ಕಮತಗೀಸ್ ಹಸ್ಬೆಂಡ್, ಕಿಕ್! ಕಿಕ್!" ಎಂದು ಹುರಿದುಂಬಿಸುತ್ತಿದ್ದರಂತೆ.

ಈ ಬೇಸಿಗೆ ಅಕ್ಷರಾ ಶಿಕಾಗೋದಿಂದ ಬಂದಾಗ ನಾವೆಲ್ಲ ಹತ್ತಿರದ ಕೆರೆಗೆ ಪಿಕ್ನಿಕ್ ಹೋದೆವು. ಅಪ್ಪ ಎಲ್ಲಿ ಎಂದು ಅವಳು ಹುಡುಕಿದಳು. ನಾನು ನೀರಿನ ಕಡೆ ತೋರಿಸಿದೆ. ಈಜಿನ ಎಲ್ಲೆ ಗುರುತಿಸುವ ತೇಲುಗುಂಡುಗಳ ಸಾಲಿನವರೆಗೂ ಹೋಗಿ, ಒಂದು ಬೆಳ್ಳನೆಯ ತಲೆ ನಿಧಾನವಾಗಿ ತಿರುಗುತ್ತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ತಲೆ, ಪ್ರಭಕ್ಕನದು. ಇಬ್ಬರೂ ಏನೋ ಜೋರು ಚರ್ಚೆಯಲ್ಲಿದ್ದರು.

"ವಾಟ್ ಆರ್ ದೇ ಈವನ್ ಟಾಕಿಂಗ್ ಅಬೌಟ್?" ಎಂದಳು ಅಕ್ಷರಾ, ಬೂಟು ಬಿಚ್ಚುತ್ತ.

"ಮುಂದಿನ ವರ್ಷ ಫಿನ್ಲೆಂಡೋ ನಾರ್ವೆಯೋ ಅಂತ" ಎಂದೆ ನಾನು. "ಬೆಳಿಗ್ಗೆಯಿಂದ ಅದೇ ಜಗಳ."