ಏಣಿ ಓಡಿದ ದಿಕ್ಕು

ಅಪ್ಪ ನಕ್ಕಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ ಎಂದು ನಂಬಿದ್ದೆ. ನಾನಾಗ ಚಿಕ್ಕವನು. ಕಮಲಾಪುರದ ಸಂತೆ ಬಯಲಿನಲ್ಲಿ ಸರ್ಕಾರಿ ವ್ಯಾನಿನವರು ಬಿಳಿ ಪರದೆ ಕಟ್ಟಿ ಹಳೆಯ ಮೂಕಿ ಚಿತ್ರವೊಂದನ್ನು ತೋರಿಸಿದ್ದರು. ತೆಳ್ಳನೆಯ ಮನುಷ್ಯನೊಬ್ಬ ಏಣಿ ಹೊತ್ತು ಓಡುತ್ತಾನೆ. ಅವನು ತಿರುಗಿದಾಗಲೆಲ್ಲ ಬೆನ್ನು ಹತ್ತಿದ ದಪ್ಪ ಪೊಲೀಸನಿಗೆ ಏಣಿಯ ತುದಿ ಬಡಿಯುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಪರದೆಯ ಬೆಳಕು ಬಿದ್ದ ಅಪ್ಪನ ಮುಖವೂ ನಗುತ್ತಿತ್ತು. ಮನೆಯಲ್ಲಿ ಅದು ಸದಾ ಗಂಟಿಕ್ಕಿದ ಮುಖ. ಅಪ್ಪ ತೀರಿಕೊಂಡ ಮೇಲೆ ನಾನು ನೆನಪಿನಲ್ಲಿ ಇಟ್ಟುಕೊಂಡದ್ದು ಆ ನಗುವ ಮುಖವನ್ನೇ.

ಕುಸನೂರಿನ ಮನೆಯಲ್ಲಿ ಈಗ ನಾನೊಬ್ಬನೇ. ಹೋದ ತಿಂಗಳು ಆ ಚಿತ್ರ ಫೋನಿನಲ್ಲಿ ಸಿಕ್ಕಿತು. ಕೊನೆಯವರೆಗೂ ನೋಡಿದೆ, ನಗು ಬರಲಿಲ್ಲ. ಬಂದದ್ದು ಅನುಮಾನ. ಏಣಿಯವನು ಎಡದಿಂದ ಬಲಕ್ಕೆ ಓಡುತ್ತಿದ್ದ. ನನ್ನ ನೆನಪಿನಲ್ಲಿ ಅವನು ಓಡಿದ್ದು ಬಲದಿಂದ ಎಡಕ್ಕೆ. ವಿಶ್ವವಿದ್ಯಾಲಯದಲ್ಲಿ ನಾನು ಚೆನ್ನಾಗಿ ಕಲಿತದ್ದು ಅನುಮಾನಿಸುವುದನ್ನು. ಇಷ್ಟು ತಪ್ಪಿದ ನೆನಪು ಇನ್ನೆಲ್ಲೆಲ್ಲಿ ತಪ್ಪಿರಬಹುದು? ಕೂತಲ್ಲಿ ಕೂರಲಾಗದೆ ಮರುದಿನವೇ ಬಸ್ ಹತ್ತಿ ಕಮಲಾಪುರದ ಅಕ್ಕನ ಮನೆಗೆ ಹೋದೆ.

ನಾನು ಹೇಳಿದ್ದನ್ನು ಕೇಳಿ ಅಕ್ಕ ಕೆಂಪು ಬಾಳೆಹಣ್ಣು ಮುಂದಿಟ್ಟು ನಕ್ಕಳು. “ಏ ತಮ್ಮಾ, ಗಂಡಸರು ಪರದೆ ಮುಂದ, ಹೆಣ್ಮಕ್ಕಳು ಹಿಂದ. ನೀ ಅವ್ವನ ಸೆರಗು ಬಿಟ್ಟು ಎಲ್ಲಿ ಹೋಗ್ತಿದ್ದಿ? ನಮ್ಮ ಸಂಗಾಟನೇ ಹಿಂದ ಕುಂತಿದ್ದಿ. ಅದಕ್ಕೇ ನಿನಗ ಎಲ್ಲಾ ಉಲ್ಟಾ ಕಂಡದ.”

ದಿಕ್ಕಿನ ಸಮಸ್ಯೆ ಬಗೆಹರಿಯಿತು. ಆದರೆ ಪರದೆಯ ಹಿಂದೆ ಕೂತವನಿಗೆ, ಮುಂದೆ ಕೂತ ಅಪ್ಪನ ಮುಖ ಕಂಡದ್ದಾದರೂ ಹೇಗೆ?

“ಹಂಗಾದ್ರ ಅಪ್ಪ ನಕ್ಕೇ ಇಲ್ಲೇನಕ್ಕಾ?”

“ಮುಖ ಯಾರು ನೋಡ್ಯಾರ? ಸಿನಿಮಾಕ್ಕಂತೂ ಧ್ವನಿ ಇರಲಿಲ್ಲ, ಅತ್ತಕಡಿ ಗಂಡಸರು ನಗೋದು ಛಲೋ ಕೇಳ್ತಿತ್ತು. ನಾವು ಕಿಸಿಕಿಸಿ ಅಂದ್ರ ಅವ್ವ ತೊಡಿ ಚಿವುಟಿದಳು. ‘ಸುಮ್ಮ ಕೂಡ್ರಿ, ನಿಮ್ಮಪ್ಪ ನಗಾಕತ್ತಾರ, ಕೇಳ್ರಿ’ ಅಂದ್ಳು.”

“ಖರೇನಾ?”

“ಅವ್ವ ಅಂದಿದ್ದು ಖರೇ. ನಕ್ಕಿದ್ದು ಅಪ್ಪನೋ ಬಾಜೂಕ ಕುಂತವರೋ, ಅವ್ವನ್ನೇ ಕೇಳಬೇಕಿತ್ತು. ಹಣ್ಣು ತಿನ್ನು.”

ಅವ್ವ ಹೋಗಿಯೂ ಬಹಳ ವರ್ಷಗಳಾದವು.

ಸಂಜೆ ಕುಸನೂರಿಗೆ ಮರಳಿ ಚಿತ್ರವನ್ನು ಮತ್ತೆ ಹಾಕಿದೆ. ಈಚೆಗೆ ಯಾರೋ ಅದಕ್ಕೆ ಸೇರಿಸಿದ್ದ ಪಿಯಾನೋ ಸದ್ದನ್ನು ಪೂರ್ತಿ ಇಳಿಸಿದೆ. ಏಣಿ ತಿರುಗಿತು, ಪೊಲೀಸ ಬಿದ್ದ. ಅಪ್ಪನ ಮುಖವನ್ನು ನೆನೆಯಲು ಹೋಗಲಿಲ್ಲ. ಅದು ನಾನೇ ಕಟ್ಟಿಕೊಂಡದ್ದು. ಅವ್ವನ ಹಾಗೆ ಸುಮ್ಮನೆ ಕಿವಿಗೊಟ್ಟು ಕೂತೆ. ಫ್ಯಾನ್ ತಿರುಗುತ್ತಿತ್ತು. ಅದನ್ನೂ ಆರಿಸಿದೆ.